ಒಲುಮೆಗೆ ಓಗೊಡುವುದು

ಹಳ್ಳಿಯ ಕಡೆ ಸಂಜೆಯ ಹೊತ್ತಿನಲ್ಲಿ ತಾಯಿ ಅಂಗಳದಲ್ಲಿ ನಿಂತು ಮಗುವನ್ನು ಹೆಸರು ಹಿಡಿದು ಕೂಗುತ್ತಾಳೆ. ಆಟದ ಬಯಲಿನಿಂದಲೋ ಕೆರೆಯ ಏರಿಯಿಂದಲೋ ‘ಓ’ ಎಂಬ ದನಿ ಬರುತ್ತದೆ. ಆ ಒಂದಕ್ಷರ ಕಿವಿಗೆ ಬಿದ್ದರೆ ತಾಯಿಗೆ ಸಮಾಧಾನ. ಮಗು ಎಲ್ಲಿದೆ, ಕ್ಷೇಮವಾಗಿದೆಯೆ, ಕೂಗು ಕೇಳಿಸಿತೆ, ಬರುವ ಮನಸ್ಸಿದೆಯೆ ಎಂಬ ಎಲ್ಲ ಪ್ರಶ್ನೆಗಳಿಗೂ ಅದೊಂದೇ ಉತ್ತರ. ಈ ‘ಓ’ ಎಂಬುದಕ್ಕೆ ‘ಕೊಡು’ ಸೇರಿ, ಕಕಾರಕ್ಕೆ ಗಕಾರವು ಆದೇಶವಾಗಿ, ‘ಓಗೊಡು’ ಎಂಬ ಸೊಗಸಾದ ಮಾತು ಕನ್ನಡದಲ್ಲಿ ಉಂಟಾಗಿದೆ. ಉತ್ತರವನ್ನು ನಾವು ಹೇಳುತ್ತೇವೆ. ‘ಓ’ ಎಂಬುದನ್ನಾದರೋ ಕೊಡುತ್ತೇವೆ. ಉತ್ತರಕ್ಕೆ ತಿಳಿವಳಿಕೆ ಬೇಕು, ‘ಓ’ ಎನ್ನುವುದಕ್ಕೆ ಕಿವಿಯೂ ಮನಸ್ಸೂ ಇದ್ದರೆ ಸಾಕು.

ಶ್ರೋತೃಗಳೇ, ದೇವರ ಒಲುಮೆಗೆ ಕ್ರೈಸ್ತನಾದವನು ತನ್ನ ನಿತ್ಯಜೀವನದಲ್ಲಿ ಹೇಗೆ ಓಗೊಡುತ್ತಾನೆ ಎಂಬುದೇ ಈ ಭಾಷಣದ ವಿಷಯ. ಕ್ರೈಸ್ತ ಮತದ ತಿರುಳನ್ನು ಒಂದು ಮಾತಿನಲ್ಲಿ ಹೇಳಬೇಕಾದರೆ, ಮೊದಲು ಕೂಗಿದವನು ದೇವರು, ಮನುಷ್ಯನದು ಮರುದನಿ ಎಂದು ಹೇಳಬಹುದು. ಮನುಷ್ಯನು ದೇವರನ್ನು ಅರಸುತ್ತಾನೆ, ನಿಜ. ಆದರೆ ಆ ಅರಸುವಿಕೆಗೂ ಮುಂಚೆ ದೇವರೇ ಮನುಷ್ಯನನ್ನು ಅರಸಿಕೊಂಡು ಹೊರಟಿದ್ದಾನೆ ಎಂಬುದು ಅವರ ನಂಬಿಕೆ. ಕಳೆದುಹೋದ ಒಂದು ಕುರಿಗಾಗಿ ತೊಂಬತ್ತೊಂಬತ್ತನ್ನು ಬಿಟ್ಟು ಹೊರಟ ಕುರುಬನ ಸಾಮ್ಯವನ್ನು ಯೇಸುಸ್ವಾಮಿಯು ಹೇಳಿದ್ದು ಈ ಅರ್ಥದಲ್ಲಿಯೇ. ಆ ಒಲುಮೆಯು ಎಲ್ಲಿಯವರೆಗೆ ಹೋಗಬಲ್ಲುದೆಂಬುದಕ್ಕೆ ಕ್ರೈಸ್ತರು ಶಿಲುಬೆಯನ್ನು ತೋರಿಸುತ್ತಾರೆ. ಮಗುವು ತಾಯಿಯನ್ನು ಪ್ರೀತಿಸಲು ಕಲಿಯುವುದು ತಾಯಿ ಅದನ್ನು ಮೊದಲೇ ಪ್ರೀತಿಸಿರುವುದರಿಂದ. ದೇವರಿಗೂ ಮನುಷ್ಯನಿಗೂ ಇರುವ ಸಂಬಂಧ ಇಂಥದೇ ಎಂದು ಯೋಹಾನನ ಮೊದಲನೆಯ ಪತ್ರಿಕೆ ತಿಳಿಸುತ್ತದೆ.

ಹಾಗಾದರೆ ಇಷ್ಟು ದೊಡ್ಡ ಒಲುಮೆಗೆ ಮನುಷ್ಯನು ಕೊಡಬಹುದಾದದ್ದೇನು? ನಮ್ಮ ದೇಶದಲ್ಲಿ ಋಣದ ವಿಚಾರ ಹೊಸದಲ್ಲ. ದೇವಋಣ, ಋಷಿಋಣ, ಪಿತೃಋಣಗಳೆಂದು ಮೂರು ಋಣಗಳನ್ನು ಹೊತ್ತು ಹುಟ್ಟುತ್ತೇವೆಂದು ಹಿರಿಯರು ಹೇಳಿದರು. ಆ ಮಾತಿನಲ್ಲಿ ವಿನಯವಿದೆ. ಆದರೆ ಒಲುಮೆಯನ್ನು ಬರಿಯ ಸಾಲವೆಂದು ತಿಳಿದುಬಿಟ್ಟರೆ ಒಂದು ಅಪಾಯವುಂಟು. ಸಾಲವೆಂದ ಕೂಡಲೆ ಲೆಕ್ಕದ ಪುಸ್ತಕ ಬರುತ್ತದೆ. ಇಷ್ಟು ಪ್ರಾರ್ಥನೆ ಮಾಡಿದೆ, ಇಷ್ಟು ದಾನ ಕೊಟ್ಟೆ, ಇಷ್ಟು ಭಾನುವಾರ ದೇವಾಲಯಕ್ಕೆ ಹೋದೆ. ಇನ್ನು ದೇವರ ಕಡೆಯಿಂದ ನನಗೆ ಬರಬೇಕಾದದ್ದೆಷ್ಟು ಎಂದು ಕೇಳುವ ಮನಸ್ಸು ಬೆಳೆಯುತ್ತದೆ. ಅಲ್ಲಿಗೆ ಭಕ್ತಿ ಹೋಗಿ ವ್ಯಾಪಾರ ಉಳಿಯಿತು.

ಈ ಅಪಾಯವನ್ನು ತಪ್ಪಿಹೋದ ಮಗನ ಕಥೆಯಲ್ಲಿ ಯೇಸುಸ್ವಾಮಿಯು ಬಹು ಸೂಕ್ಷ್ಮವಾಗಿ ತೋರಿಸಿದ್ದಾನೆ. ಲೂಕನ ಸುವಾರ್ತೆಯಲ್ಲಿ ಬರುವ ಈ ಕಥೆ ಎಲ್ಲರಿಗೂ ಗೊತ್ತಿರುವುದೇ. ಕಿರಿಯ ಮಗ ಆಸ್ತಿಯನ್ನು ಹಂಚಿಸಿಕೊಂಡು ದೇಶಾಂತರ ಹೋಗಿ, ಎಲ್ಲವನ್ನೂ ಕಳೆದು, ಹಂದಿ ಕಾಯುವ ಗತಿಗೆ ಬಂದು ಕೊನೆಗೆ ಮನೆಗೆ ಮರಳುತ್ತಾನೆ. ತಂದೆ ಓಡಿಬಂದು ಅಪ್ಪಿಕೊಳ್ಳುತ್ತಾನೆ. ನಾವು ಸಾಮಾನ್ಯವಾಗಿ ಕಥೆಯನ್ನು ಅಲ್ಲಿಗೇ ನಿಲ್ಲಿಸುತ್ತೇವೆ. ಆದರೆ ಹೊಲದಲ್ಲಿ ದುಡಿಯುತ್ತಿದ್ದ ಹಿರಿಯ ಮಗನೊಬ್ಬನಿದ್ದಾನಲ್ಲ, ಅವನನ್ನು ಮರೆಯಬಾರದು. ಸಂಭ್ರಮದ ಸದ್ದು ಕೇಳಿ ಅವನು ಒಳಗೆ ಬರಲೊಲ್ಲದೆ ಬಾಗಿಲಲ್ಲೇ ನಿಲ್ಲುತ್ತಾನೆ. ಇಷ್ಟು ವರ್ಷ ಸೇವೆ ಮಾಡಿದೆನಲ್ಲ, ನನಗೆ ಒಂದು ಆಡಿನ ಮರಿಯನ್ನಾದರೂ ಕೊಟ್ಟೆಯಾ ಎಂದು ತಂದೆಯನ್ನು ಆಕ್ಷೇಪಿಸುತ್ತಾನೆ. ಅವನು ಮನೆ ಬಿಟ್ಟು ಹೋದವನಲ್ಲ, ದುಂದು ಮಾಡಿದವನಲ್ಲ, ಕೆಲಸಗಳ್ಳನೂ ಅಲ್ಲ. ಆದರೂ ತಂದೆಯ ಮನೆಯಲ್ಲಿ ಕೂಲಿಯಾಳಿನಂತೆ ಬಾಳಿದ. ಅವನು ಕೆಲಸವನ್ನೆಲ್ಲ ಕೊಟ್ಟ; ‘ಓ’ ಎಂಬುದೊಂದನ್ನು ಕೊಡಲಿಲ್ಲ. ತಂದೆ ಹೊರಗೆ ಬಂದು ಅವನನ್ನೂ ಬೇಡಿಕೊಂಡನೆಂಬುದನ್ನು ಗಮನಿಸಿ. ಕಿರಿಯವನಿಗಾಗಿ ಓಡಿಬಂದ ತಂದೆ ಹಿರಿಯವನಿಗಾಗಿಯೂ ಹೊಸ್ತಿಲು ದಾಟಿದ. ಕಥೆ ಹಿರಿಯ ಮಗ ಒಳಗೆ ಹೋದನೋ ಇಲ್ಲವೋ ಎಂಬುದನ್ನು ಹೇಳದೆ ಮುಗಿಯುತ್ತದೆ. ಆ ಉಳಿದ ಭಾಗವನ್ನು ಕೇಳಿದವರು ತಮ್ಮ ಬಾಳಿನಲ್ಲಿ ಪೂರ್ತಿ ಮಾಡಬೇಕು.

ತೀರಿಸುವುದಕ್ಕೂ ಓಗೊಡುವುದಕ್ಕೂ ಇರುವ ಅಂತರವನ್ನು ತಿಳಿಯಬೇಕಾದರೆ ಕರಾವಳಿಯ ತೆನೆಹಬ್ಬವನ್ನು ನೋಡಬೇಕು. ಮಂಗಳೂರಿನ ಕಡೆಯ ಕೊಂಕಣಿ ಕಥೋಲಿಕರು ಇದನ್ನು ಮೋಂತಿ ಫೆಸ್ತ್ ಎನ್ನುತ್ತಾರೆ. ಸೆಪ್ಟೆಂಬರ್ ೮ರಂದು, ಮರಿಯಮ್ಮನವರ ಜನ್ಮದಿನದಂದು, ಹೊಸ ಭತ್ತದ ತೆನೆಗಳನ್ನು ದೇವಾಲಯದಲ್ಲಿ ಆಶೀರ್ವದಿಸಿ ಮನೆಮನೆಗೂ ಹಂಚುತ್ತಾರೆ. ಮಕ್ಕಳು ಹೂವನ್ನು ತಂದು ಮರಿಯಮ್ಮನವರಿಗೆ ಅರ್ಪಿಸುತ್ತಾರೆ. ಮನೆಗೆ ತಂದ ತೆನೆಯ ಕಾಳನ್ನು ಸುಲಿದು ಹಾಲಿನಲ್ಲೋ ಪಾಯಸದಲ್ಲೋ ಸೇರಿಸಿ ಮನೆಯವರೆಲ್ಲ ಕೂಡಿ ಸೇವಿಸುತ್ತಾರೆ. ಗದ್ದೆಯ ಫಸಲಿಗೆ ಒಂದು ತೆನೆ ಬೆಲೆಯಾದೀತೆ? ಮಳೆಯ ಬಾಕಿ, ಬಿಸಿಲಿನ ಬಾಕಿ ಅದರಿಂದ ತೀರೀತೆ? ತೀರಿಸುವ ಉದ್ದೇಶವೇ ಅಲ್ಲಿಲ್ಲ. ಬಂದದ್ದು ಎಲ್ಲಿಂದ ಬಂತೆಂಬುದನ್ನು ನೆನೆಯುವುದು, ನೆನೆದು ಒಟ್ಟಿಗೆ ಉಣ್ಣುವುದು, ಅಷ್ಟೇ ಅದರ ಅರ್ಥ. ದೇವರಿಗೆ ತೋರಿಸಿದ ತೆನೆ ಮನೆಗೆ ಹಿಂದಿರುಗಿ ಎಲ್ಲರ ತುತ್ತಾಗುತ್ತದೆ. ಒಲುಮೆಗೆ ಓಗೊಡುವ ರೀತಿಯೂ ಇದೇ. ದೇವರಿಗೆಂದು ಕೊಟ್ಟದ್ದು ಕೊನೆಗೆ ಪಕ್ಕದವನ ಎಲೆಗೆ ಬೀಳಬೇಕು.

ಇನ್ನು, ದೇವರು ಕೂಗುತ್ತಾನೆಂದರೆ ಆ ಕೂಗು ಹೇಗಿರುತ್ತದೆ ಎಂಬ ಪ್ರಶ್ನೆ ಏಳುತ್ತದೆ. ಇದಕ್ಕೆ ಹಳೆಯ ಒಡಂಬಡಿಕೆಯ ಒಂದು ಕಥೆ ಒಳ್ಳೆಯ ಬೆಳಕು ಕೊಡುತ್ತದೆ. ಸಮುವೇಲನು ಚಿಕ್ಕ ಹುಡುಗ. ಶೀಲೋವಿನ ದೇವಮಂದಿರದಲ್ಲಿ ಮುದುಕನಾದ ಏಲಿ ಎಂಬ ಯಾಜಕನ ಬಳಿ ಸೇವೆಯಲ್ಲಿದ್ದ. ಏಲಿಗೆ ಕಣ್ಣು ಮಂದವಾಗಿತ್ತು. ಒಂದು ರಾತ್ರಿ ಹುಡುಗ ಮಲಗಿರುವಾಗ ಯಾರೋ ಹೆಸರು ಹಿಡಿದು ಕರೆದಂತಾಯಿತು. ಏಲಿಯೇ ಕರೆದನೆಂದು ತಿಳಿದು ಅವನ ಬಳಿಗೆ ಓಡಿದ. ಮುದುಕನು ತಾನು ಕರೆಯಲಿಲ್ಲವೆಂದು ಹೇಳಿ ಹಿಂದಕ್ಕೆ ಕಳುಹಿಸಿದ. ಮೂರು ಸಲವೂ ಹೀಗೆಯೇ ಆಯಿತು. ಮೂರನೆಯ ಸಲ ಏಲಿಗೆ, ಹುಡುಗನನ್ನು ಕರೆಯುತ್ತಿರುವವನು ದೇವರೇ ಎಂದು ಹೊಳೆಯಿತು. ಮತ್ತೆ ಕರೆದರೆ ಹೇಗೆ ಓಗೊಡಬೇಕೆಂಬುದನ್ನು ಹೇಳಿಕೊಟ್ಟು ಅವನನ್ನು ಮಲಗಿಸಿದ.

ಈ ಕಥೆಯಲ್ಲಿ ನನ್ನ ಮನಸ್ಸನ್ನು ಸೆಳೆಯುವ ಸಂಗತಿಗಳು ಎರಡು. ದೇವರ ದನಿಯು ಹುಡುಗನಿಗೆ ಗುಡುಗಿನಂತೆ ಕೇಳಿಸಲಿಲ್ಲ. ದಿನವೂ ಕೇಳಿ ಪರಿಚಯವಿದ್ದ ಮುದುಕನ ದನಿಯಂತೆ ಕೇಳಿಸಿತು. ಕಣ್ಣು ಕಾಣದ ಹಿರಿಯನಿಗೆ ನೀರು ಬೇಕಾಯಿತೋ ಏನೋ ಎಂದು ನಿದ್ದೆಗಣ್ಣಿನಲ್ಲಿ ಎದ್ದು ಓಡಿದನಲ್ಲ, ಆ ಓಟವೇ ದೇವರಿಗೆ ಅವನು ಕೊಟ್ಟ ಮೊದಲ ‘ಓ’ ಎನ್ನಬಹುದು. ಎರಡನೆಯದು, ಕರೆದವನು ಯಾರೆಂಬುದನ್ನು ತಿಳಿಸಲು ಒಬ್ಬ ಹಿರಿಯನು ಬೇಕಾಯಿತು. ಆತನಿಗೆ ಹೊರಗಣ್ಣು ಮಂದವಾಗಿದ್ದರೂ ಒಳಗಣ್ಣು ಇನ್ನೂ ತೆರೆದಿತ್ತು. ತಂದೆತಾಯಿಗಳೂ ಉಪಾಧ್ಯಾಯರೂ ಮಕ್ಕಳಿಗೆ ಮಾಡಬಹುದಾದ ದೊಡ್ಡ ಉಪಕಾರ ಇದೇ ಅಲ್ಲವೆ?

ಸಮುವೇಲನಿಗೆ ಒಂದೇ ರಾತ್ರಿ ಮೂರು ಸಲ ಬಂದ ಕರೆಯನ್ನು ನೆನೆದಾಗಲೆಲ್ಲ ನಮ್ಮ ದಕ್ಷಿಣ ದೇಶದಲ್ಲಿಯೇ ನಡೆದ ಇನ್ನೊಂದು ರಾತ್ರಿಯ ಸಂಗತಿ ನೆನಪಿಗೆ ಬರುತ್ತದೆ. ಐಡಾ ಸ್ಕಡರ್ ಎಂಬ ಅಮೆರಿಕದ ಹೆಣ್ಣುಮಗಳು ೧೮೭೦ರಲ್ಲಿ ತಮಿಳುನಾಡಿನ ರಾಣಿಪೇಟೆಯಲ್ಲಿ ಹುಟ್ಟಿದವಳು. ತಂದೆ ಮಿಷನರಿ ವೈದ್ಯ, ತಾತನೂ ಹಾಗೆಯೇ. ಆ ಮನೆತನದ ಕಷ್ಟದ ಬದುಕು ತನಗೆ ಬೇಡವೆಂದು ಆಕೆಯ ನಿರ್ಧಾರ. ಅಮೆರಿಕದಲ್ಲಿ ಓದು ಮುಗಿಸಿ, ಕಾಯಿಲೆಯಿಂದಿದ್ದ ತಾಯಿಗೆ ನೆರವಾಗಲೆಂದು ತಿಂಡಿವನಕ್ಕೆ ಬಂದಿದ್ದಳು. ಬೇಗನೆ ಹಿಂದಿರುಗುವ ಯೋಚನೆಯೇ ಇತ್ತು. ಒಂದು ರಾತ್ರಿ ಒಬ್ಬ ಬ್ರಾಹ್ಮಣ ಗೃಹಸ್ಥನು ಬಾಗಿಲಿಗೆ ಬಂದು, ಹೆರಿಗೆಯ ಕಷ್ಟದಲ್ಲಿದ್ದ ತನ್ನ ಹೆಂಡತಿಯನ್ನು ಉಳಿಸಬೇಕೆಂದು ಬೇಡಿದನು. ತಾನು ವೈದ್ಯಳಲ್ಲ, ತಂದೆಯನ್ನು ಕಳುಹಿಸುವೆನೆಂದು ಆಕೆ ಹೇಳಿದಳು. ಪರಪುರುಷನು ತನ್ನ ಹೆಂಡತಿಯನ್ನು ನೋಡುವಂತಿಲ್ಲವೆಂದು ಆತ ಹೊರಟುಹೋದ. ಆಮೇಲೆ ಒಬ್ಬ ಮುಸಲ್ಮಾನ ಗೃಹಸ್ಥ ಬಂದ, ಅದೇ ಕಷ್ಟ, ಅದೇ ಉತ್ತರ. ಮೂರನೆಯದಾಗಿ ಮೊದಲಿಯಾರ್ ಮನೆತನದ ಇನ್ನೊಬ್ಬ ಬಂದ. ಅವನೂ ಹಾಗೆಯೇ ಹಿಂದಿರುಗಿದ. ಬೆಳಗಾಗುವ ಹೊತ್ತಿಗೆ ಮೂವರು ತಾಯಂದಿರೂ ತೀರಿಕೊಂಡಿದ್ದರು.

ಆ ರಾತ್ರಿ ಐಡಾಳ ಬಾಗಿಲಿಗೆ ಬಂದದ್ದು ಮೂವರು ಗಂಡಂದಿರ ದುಃಖದ ದನಿ. ಅದರಲ್ಲಿಯೇ ಆಕೆಗೆ ದೇವರ ಕರೆ ಕೇಳಿಸಿತು. ತಾನೇ ವೈದ್ಯವನ್ನು ಕಲಿಯಬೇಕೆಂದು ಅಮೆರಿಕಕ್ಕೆ ಹೋಗಿ ೧೮೯೯ರಲ್ಲಿ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ವೈದ್ಯಕೀಯ ಪದವಿ ಪಡೆದಳು. ೧೯೦೦ರಲ್ಲಿ ವೆಲ್ಲೂರಿಗೆ ಬಂದು ತಂದೆಯ ಬಂಗಲೆಯಲ್ಲಿಯೇ ಚಿಕಿತ್ಸೆ ಆರಂಭಿಸಿದಳು. ೧೯೦೨ರಲ್ಲಿ ೪೦ ಹಾಸಿಗೆಗಳ ಆಸ್ಪತ್ರೆ ಎದ್ದಿತು. ಊರಿಗೆ ಬರಲಾರದ ರೋಗಿಗಳಿಗಾಗಿ ಹಳ್ಳಿಯ ದಾರಿಯಲ್ಲಿ ಮರದ ನೆರಳಿನಲ್ಲಿಯೇ ಮದ್ದು ಕೊಡುವ ಪದ್ಧತಿ ಬಂತು. ೧೯೧೮ರಲ್ಲಿ ಹೆಣ್ಣುಮಕ್ಕಳಿಗಾಗಿ ವೈದ್ಯಕೀಯ ಶಾಲೆ ತೆರೆಯಿತು. ಆಕೆ ೧೯೬೦ರಲ್ಲಿ ಕೊಡೈಕಾನಲ್ಲಿನಲ್ಲಿ ತೀರಿಕೊಂಡಳು. ಇಂದು ವೆಲ್ಲೂರಿನ ಆಸ್ಪತ್ರೆಯ ಹೆಸರನ್ನು ಕೇಳದವರು ಕಡಮೆ. ಕರ್ನಾಟಕದಿಂದಲೂ ರೋಗಿಗಳು ಅಲ್ಲಿಗೆ ಹೋಗಿಬರುತ್ತಾರೆ. ಅಷ್ಟೆಲ್ಲಕ್ಕೂ ಮೂಲ ಒಂದು ರಾತ್ರಿ ಬಾಗಿಲು ತಟ್ಟಿದ ಸದ್ದು.

ಆದರೆ ಶ್ರೋತೃಗಳೇ, ಇಂಥ ಉದಾಹರಣೆಯನ್ನು ಕೇಳಿದಾಗ ನಮ್ಮಂಥ ಸಾಮಾನ್ಯರ ಮನಸ್ಸು ಕುಗ್ಗುವುದೂ ಉಂಟು. ಆಸ್ಪತ್ರೆ ಕಟ್ಟುವ ಶಕ್ತಿ ಎಲ್ಲರಿಗೂ ಎಲ್ಲಿದೆ? ಬೆಳಗಾದರೆ ಒಲೆ ಹಚ್ಚಬೇಕು, ಮಕ್ಕಳನ್ನು ಶಾಲೆಗೆ ಕಳುಹಿಸಬೇಕು, ಕಚೇರಿಗೋ ಗದ್ದೆಗೋ ಹೋಗಬೇಕು. ಈ ತಿರುಗಣಿಯ ನಡುವೆ ದೇವರಿಗೆ ಓಗೊಡಲು ಬಿಡುವೆಲ್ಲಿ? ಈ ಪ್ರಶ್ನೆಗೆ ಉತ್ತರ ಕೊಟ್ಟವನು ಮಹಾಪಂಡಿತನಲ್ಲ, ಒಬ್ಬ ಅಡುಗೆಯವನು.

ಹದಿನೇಳನೆಯ ಶತಮಾನದಲ್ಲಿ ಫ್ರೆಂಚ್ ದೇಶದ ಸೀಮೆಯಾದ ಲೊರೇನಿನಲ್ಲಿ ನಿಕೊಲಾ ಎರ್ಮಾನ್ ಎಂಬ ಬಡವನಿದ್ದ. ಹದಿನೆಂಟು ವರ್ಷದವನಾಗಿದ್ದಾಗ ಒಂದು ಚಳಿಗಾಲದಲ್ಲಿ ಎಲೆಯುದುರಿ ಬೋಳಾಗಿ ನಿಂತ ಮರವೊಂದನ್ನು ಕಂಡ. ಸ್ವಲ್ಪ ಕಾಲದಲ್ಲೇ ಇದು ಚಿಗುರೀತು, ಹೂ ಬಿಟ್ಟೀತು, ಕಾಯಿ ಕಚ್ಚೀತು ಎಂಬ ಯೋಚನೆ ಬಂತು. ಅದನ್ನು ಚಿಗುರಿಸುವವನ ಅಕ್ಕರೆ ಆತನ ಮನಸ್ಸಿಗೆ ಥಟ್ಟನೆ ತಾಕಿತು. ಮುಂದೆ ಅವನು ಸಿಪಾಯಿಯಾದ. ಯುದ್ಧದಲ್ಲಿ ಗಾಯಗೊಂಡು ಕಾಲು ಕುಂಟಾಯಿತು. ಒಬ್ಬ ದೊಡ್ಡ ಮನುಷ್ಯರ ಮನೆಯಲ್ಲಿ ಸೇವಕನಾಗಿದ್ದಾಗ, ಮುಟ್ಟಿದ್ದನ್ನೆಲ್ಲ ಒಡೆಯುವ ಒರಟನೆಂದು ತನ್ನನ್ನು ತಾನೇ ಹೇಳಿಕೊಳ್ಳುತ್ತಿದ್ದ. ೧೬೪೦ರಲ್ಲಿ ಪ್ಯಾರಿಸ್ಸಿನ ಕಾರ್ಮೆಲ್ ಮಠವನ್ನು ಸೇರಿದ. ಅಲ್ಲಿ ಬ್ರದರ್ ಲಾರೆನ್ಸ್ ಎಂಬ ಹೆಸರಾಯಿತು, ಅಡುಗೆಮನೆಯ ಕೆಲಸ ಪಾಲಿಗೆ ಬಂತು.

ಅಡುಗೆಯ ಕೆಲಸವೆಂದರೆ ಅವನಿಗೆ ಸಹಜವಾಗಿ ಬೇಸರ. ಆದರೂ ಹದಿನೈದು ವರ್ಷ ಅಲ್ಲಿಯೇ ಕಳೆದ. ಬಾಣಲೆಯಲ್ಲಿ ಮೊಟ್ಟೆಯ ದೋಸೆ ಮಗುಚುವಾಗಲೂ ಅದನ್ನು ದೇವರ ಮೇಲಿನ ಪ್ರೀತಿಗಾಗಿ ಮಗುಚುತ್ತಿದ್ದ. ನೆಲದ ಮೇಲೆ ಬಿದ್ದ ಒಂದು ಹುಲ್ಲುಕಡ್ಡಿಯನ್ನು ಎತ್ತುವುದಾದರೂ ಆ ಪ್ರೀತಿಗಾಗಿ ಎತ್ತಿದರೆ ಸಾಕೆಂಬುದು ಅವನ ಭಾವನೆ. ಪ್ರಾರ್ಥನೆಯ ಹೊತ್ತು ಬೇರೆ, ಕೆಲಸದ ಹೊತ್ತು ಬೇರೆ ಎಂಬ ಗೋಡೆಯೇ ಅವನಿಗಿರಲಿಲ್ಲ; ಪಾತ್ರೆಗಳ ಸದ್ದಿನಲ್ಲಿಯೂ ದೇವರ ಸನ್ನಿಧಿ ಅವನಿಗೆ ದೊರೆಯುತ್ತಿತ್ತು. ಒಮ್ಮೆ ಮಠಕ್ಕೆ ದ್ರಾಕ್ಷಾರಸ ಕೊಂಡು ತರಲು ಬರ್ಗಂಡಿ ಸೀಮೆಗೆ ಅವನನ್ನು ಕಳುಹಿಸಿದರು. ವ್ಯಾಪಾರ ಅವನಿಗೆ ಗೊತ್ತಿಲ್ಲ. ಕುಂಟುಗಾಲಿನವನಾದ್ದರಿಂದ ದೋಣಿಯಲ್ಲಿ ಪೀಪಾಯಿಗಳ ಮೇಲೆ ಉರುಳಿಕೊಂಡೇ ಓಡಾಡಬೇಕು. ಇದು ನಿನ್ನ ಕೆಲಸವೇ ಎಂದು ದೇವರಿಗೆ ಒಪ್ಪಿಸಿ ಹೊರಟ; ಕೆಲಸ ಚೆನ್ನಾಗಿಯೇ ಆಯಿತೆಂದು ಮುಂದೆ ಹೇಳಿಕೊಂಡ. ಕಡೆಗಾಲದಲ್ಲಿ ಕಾಲಿನ ನೋವಿನಿಂದ ನಿಲ್ಲಲಾರದಾದಾಗ ಮಠದವರ ಕೆರ ಹೊಲಿಯುವ ಕೆಲಸ ಮಾಡಿದ. ೧೬೬೬ರಿಂದ ಜೋಸೆಫ್ ದ ಬೋಫೋರ್ ಎಂಬ ಪಾದ್ರಿ ಅವನ ಬಳಿಗೆ ಹೋಗಿ ಮಾತಾಡಿ, ಅವನ ಮಾತುಗಳನ್ನು ಬರೆದಿಟ್ಟುಕೊಂಡರು. ೧೬೯೧ರಲ್ಲಿ ಲಾರೆನ್ಸ್ ತೀರಿಕೊಂಡ ಮೇಲೆ ಅವನ ಮಾತು ಮತ್ತು ಕಾಗದಗಳು ಪುಸ್ತಕವಾಗಿ, ಮತಪಂಗಡಗಳ ಎಲ್ಲೆ ದಾಟಿ ಲೋಕವೆಲ್ಲ ಓದುವಂತಾಯಿತು.

ಕನ್ನಡಿಗರಿಗೆ ಈ ಮಾತು ವಿಚಿತ್ರವೆನಿಸಲಾರದು. ಹನ್ನೆರಡನೆಯ ಶತಮಾನದ ಶರಣರು ಕಾಯಕವನ್ನು ಪೂಜೆಯ ಮಟ್ಟಕ್ಕೆ ಏರಿಸಿದವರು. ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಬಟ್ಟೆ ಒಗೆಯುವ ಮಡಿವಾಳ ಮಾಚಯ್ಯ, ದೋಣಿ ನಡೆಸುವ ಅಂಬಿಗರ ಚೌಡಯ್ಯ, ಇವರೆಲ್ಲ ತಮ್ಮ ತಮ್ಮ ಕಸುಬಿನಲ್ಲಿಯೇ ದೇವರನ್ನು ಕಂಡವರು. ಎರಡು ಮತಗಳ ತತ್ತ್ವ ಒಂದೇ ಎಂದು ನಾನು ಹೇಳುತ್ತಿಲ್ಲ; ದಾರಿಗಳು ಬೇರೆಬೇರೆಯೇ. ಆದರೂ ಕಲ್ಯಾಣದ ಶರಣನೂ ಪ್ಯಾರಿಸ್ಸಿನ ಅಡುಗೆಯವನೂ ಎದುರುಬದುರು ಕುಳಿತಿದ್ದರೆ, ಭಾಷೆ ತಿಳಿಯದಿದ್ದರೂ ಒಬ್ಬರ ಕೈಯಲ್ಲಿ ಬಿದ್ದ ದಡ್ಡನ್ನು ನೋಡಿ ಇನ್ನೊಬ್ಬರು ಮುಗುಳ್ನಗುತ್ತಿದ್ದರೆಂದು ನನ್ನ ಊಹೆ.

ಕನ್ನಡದ ವಿದ್ಯಾರ್ಥಿಗಳಾದ ನಾವು ಇಲ್ಲಿ ಇನ್ನೊಬ್ಬರನ್ನೂ ನೆನೆಯಬೇಕು. ಫರ್ಡಿನಂಡ್ ಕಿಟ್ಟೆಲ್ಲರು ೧೮೩೨ರಲ್ಲಿ ಜರ್ಮನಿಯಲ್ಲಿ ಹುಟ್ಟಿ, ೧೮೫೩ರಲ್ಲಿ ಬಾಸೆಲ್ ಮಿಷನ್ನಿನ ಕಡೆಯಿಂದ ನಮ್ಮ ನಾಡಿಗೆ ಬಂದರು. ಸುವಾರ್ತೆ ಸಾರಲು ಬಂದವರು ನಾಡಿನ ನುಡಿಗೆ ಕಿವಿಗೊಟ್ಟು ಕುಳಿತರು. ಕೇಶಿರಾಜನ ಶಬ್ದಮಣಿದರ್ಪಣವನ್ನೂ ನಾಗವರ್ಮನ ಛಂದೋಂಬುಧಿಯನ್ನೂ ಪರಿಷ್ಕರಿಸಿ ಅಚ್ಚು ಹಾಕಿಸಿದರು. ೧೮೯೪ರಲ್ಲಿ ಅವರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಪ್ರಕಟವಾಯಿತು. ನಿಘಂಟಿನ ಕೆಲಸದಲ್ಲಿ ಉತ್ಸವವಿಲ್ಲ, ಚಪ್ಪಾಳೆಯಿಲ್ಲ. ಇವತ್ತು ಒಂದು ಶಬ್ದ, ನಾಳೆ ಇನ್ನೊಂದು. ಹಳೆಯ ಓಲೆಯನ್ನು ನೋಡುವುದು, ಬಲ್ಲವರನ್ನು ಕೇಳುವುದು, ಬರೆಯುವುದು, ತಿದ್ದುವುದು. ನೆರೆಯವನನ್ನು ಪ್ರೀತಿಸಬೇಕಾದರೆ ಅವನ ಮಾತನ್ನು ಗೌರವದಿಂದ ಕೇಳಬೇಕೆಂಬ ಪಾಠ ಆ ದೊಡ್ಡ ಗ್ರಂಥದ ಪುಟಪುಟದಲ್ಲಿಯೂ ಇದೆ. ಇದೂ ಒಂದು ಓಗೊಡುವಿಕೆಯೇ ಸರಿ.

ಆದರೆ ಎಲ್ಲ ದಿನವೂ ಮನಸ್ಸು ಒಂದೇ ಸಮನಾಗಿರುತ್ತದೆಯೆ? ಪ್ರಾರ್ಥನೆಗೆ ಕುಳಿತರೆ ಬಾಯಿ ಮಾತ್ರ ಆಡುವ ದಿನಗಳುಂಟು. ಮನೆಯಲ್ಲಿ ಕಾಯಿಲೆ, ಕೈಯಲ್ಲಿ ಕಾಸಿಲ್ಲ, ದೇವರ ಒಲುಮೆಯ ಮಾತೇ ಪೊಳ್ಳೆಂದು ತೋರುವ ದಿನಗಳೂ ಉಂಟು. ಇಲ್ಲಿ ಮತ್ತೆ ಲಾರೆನ್ಸನೇ ನೆರವಿಗೆ ಬರುತ್ತಾನೆ. ಅವನ ಶಾಂತಿಯನ್ನು ಕಂಡವರು ಅದು ಹುಟ್ಟಿನಿಂದ ಬಂದದ್ದೆಂದು ತಿಳಿಯಬಹುದು. ನಿಜವಾಗಿ ಮಠ ಸೇರಿದ ಮೇಲೆ ಸುಮಾರು ಹತ್ತು ವರ್ಷ ಅವನು ಒಳಗೇ ಬೆಂದ. ಅದರಲ್ಲಿ ನಾಲ್ಕು ವರ್ಷವಂತೂ ತನಗೆ ಸದ್ಗತಿಯೇ ಇಲ್ಲವೆಂದು ನಂಬಿಬಿಟ್ಟಿದ್ದ. ಆಗ ಅವನು ಮಾಡಿಕೊಂಡ ನಿಶ್ಚಯ ಬಹು ಸರಳವಾದುದು: ತನಗೆ ಸದ್ಗತಿ ದೊರೆಯಲಿ, ಬಿಡಲಿ, ಸಾಯುವ ತನಕ ದೇವರನ್ನು ಪ್ರೀತಿಸಲು ಕೈಲಾದದ್ದನ್ನು ಮಾಡುವುದು. ಲೆಕ್ಕದ ಪುಸ್ತಕವನ್ನು ಮುಚ್ಚಿಟ್ಟ ಆ ಗಳಿಗೆಯಿಂದ ಅವನ ಮನಸ್ಸು ಹಗುರಾಗುತ್ತ ಬಂತು. ಕೆಲಸದಲ್ಲಿ ತಪ್ಪಿದಾಗಲೂ ಅವನು ಕೊರಗುತ್ತ ಕೂರುತ್ತಿರಲಿಲ್ಲ. ತಪ್ಪನ್ನು ದೇವರ ಮುಂದೆ ಒಪ್ಪಿಕೊಂಡು, ನೀನು ಕೈಹಿಡಿಯದಿದ್ದರೆ ನಾನು ಹೀಗೆಯೇ ಎಂದು ಹೇಳಿ, ಎದ್ದು ಕೆಲಸಕ್ಕೆ ತೊಡಗುತ್ತಿದ್ದ. ಕತ್ತಲಲ್ಲಿ ಮಗು ‘ಓ’ ಎನ್ನುವುದು ತಾಯಿಯ ಮುಖ ಕಾಣುವುದರಿಂದಲ್ಲ, ದನಿಯ ಮೇಲಿನ ನಂಬಿಕೆಯಿಂದ.

ಇಷ್ಟು ಕೇಳಿದ ಮೇಲೆ ಯಾರಾದರೂ, ಹಾಗಾದರೆ ದುಡಿಮೆಯೇ ಸಾಕಲ್ಲ, ಪ್ರಾರ್ಥನೆ ಏತಕ್ಕೆ ಎಂದು ಕೇಳಬಹುದು. ಬೇಥಾನ್ಯದ ಅಕ್ಕತಂಗಿಯರಾದ ಮಾರ್ಥ ಮರಿಯರ ಕಥೆ ಇದಕ್ಕೆ ಉತ್ತರ. ಯೇಸುಸ್ವಾಮಿಯು ಮನೆಗೆ ಬಂದಾಗ ಮರಿಯಳು ಪಾದದ ಬಳಿ ಕುಳಿತು ಕೇಳಿದಳು. ಮಾರ್ಥಳು ಉಪಚಾರದ ಕೆಲಸದಲ್ಲಿ ತಳಮಳಿಸಿ, ತಂಗಿಯ ಮೇಲೆ ದೂರು ಹೇಳಿದಳು. ಮಾರ್ಥಳು ಕೆಲಸ ಮಾಡಿದ್ದು ತಪ್ಪಲ್ಲ. ಕೆಲಸದ ಗದ್ದಲದಲ್ಲಿ ಬಂದ ಅತಿಥಿಯೇ ಮರೆತುಹೋದದ್ದು ಕುಂದು. ಕಿವಿಗೊಡದವನು ಓಗೊಡಲಾರ. ಕನ್ನಡದಲ್ಲಿ ಈ ಎರಡು ಮಾತುಗಳೂ ‘ಕೊಡು’ವುದರಿಂದಲೇ ಆಗಿವೆಯೆಂಬುದನ್ನು ನೋಡಿ. ಪ್ರಾರ್ಥನೆಯಲ್ಲಿ ಕಿವಿಗೊಡುತ್ತೇವೆ, ದುಡಿಮೆಯಲ್ಲಿ ಓಗೊಡುತ್ತೇವೆ. ಮುಂಜಾನೆ ಐದು ನಿಮಿಷ ಮೌನವಾಗಿ ಕುಳಿತು ಏಳುವ ಮನೆಯೊಡತಿಯ ಕೈ ದಿನವೆಲ್ಲ ಬೇರೆಯ ಹದದಲ್ಲಿ ಕೆಲಸ ಮಾಡುತ್ತದೆ.

ನಿತ್ಯದ ಬಾಳಿನಲ್ಲಿ ಈ ‘ಓ’ ಬಹು ಸಣ್ಣ ಸಣ್ಣ ರೂಪಗಳಲ್ಲಿ ಬರುತ್ತದೆ. ತೂಕದ ತಕ್ಕಡಿಯನ್ನು ನೇರವಾಗಿ ಹಿಡಿಯುವ ಅಂಗಡಿಯವನದು ಒಂದು ‘ಓ’. ಕೇಳಿದ್ದನ್ನೇ ಮೂರನೆಯ ಸಲ ಕೇಳುವ ದಡ್ಡ ಹುಡುಗನಿಗೆ ಸಿಡುಕದೆ ನಾಲ್ಕನೆಯ ಸಲ ಹೇಳಿಕೊಡುವ ಉಪಾಧ್ಯಾಯನದು ಒಂದು. ಹಾಸಿಗೆ ಹಿಡಿದ ಅತ್ತೆಯ ಮಗ್ಗುಲು ಬದಲಿಸುವ ಸೊಸೆಯದು ಇನ್ನೊಂದು. ಮನೆಗೆಲಸದವಳಿಗೆ ತಿಂಗಳ ಸಂಬಳವನ್ನು ಹೇಳಿದ ದಿನವೇ ಕೊಡುವುದು, ನೆರೆಮನೆಯ ವಿಷಯವಾಗಿ ಬಂದ ಚಾಡಿಯನ್ನು ಮುಂದಕ್ಕೆ ಸಾಗಿಸದೆ ತನ್ನಲ್ಲಿಯೇ ನಿಲ್ಲಿಸುವುದು, ಇವೂ ‘ಓ’ಗಳೇ. ಇವೆಲ್ಲಕ್ಕಿಂತ ಕಷ್ಟವಾದದ್ದು ಕ್ಷಮೆ. ಅಣ್ಣತಮ್ಮಂದಿರು ಪಾಲಿನ ವಿಷಯದಲ್ಲಿ ಮಾತು ಬಿಟ್ಟು ವರ್ಷಗಳಾಗಿರುತ್ತವೆ. ಇಬ್ಬರೂ ಅದೇ ದೇವಾಲಯಕ್ಕೆ ಬಂದು ಅದೇ ಪ್ರಾರ್ಥನೆ ಹೇಳಿ, ಬೇರೆಬೇರೆ ಬಾಗಿಲಿನಿಂದ ಹೊರಗೆ ಹೋಗುತ್ತಾರೆ. ಕಾಣಿಕೆ ತಂದವನಿಗೆ ತನ್ನ ಸೋದರನ ಅಸಮಾಧಾನ ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಹೋಗಿ ಅವನೊಡನೆ ಒಂದಾಗಿ ಬರಬೇಕೆಂದು ಯೇಸುಸ್ವಾಮಿಯ ಅಪ್ಪಣೆ. ಆ ಮನೆಯ ಮೆಟ್ಟಿಲನ್ನು ಹತ್ತುವುದು ಮಠದ ಅಡುಗೆ ಮಾಡುವುದಕ್ಕಿಂತಲೂ ಪ್ರಯಾಸದ ಕೆಲಸ. ಆದರೆ ಅಲ್ಲಿ ಓಗೊಡದವನು ಬೇರೆಲ್ಲಿ ಎಷ್ಟು ಗಟ್ಟಿಯಾಗಿ ಹಾಡಿದರೂ ಕರೆಗೆ ಉತ್ತರ ಕೊಟ್ಟಂತಾಗಲಿಲ್ಲ.

ಮತ್ತಾಯನ ಸುವಾರ್ತೆಯಲ್ಲಿ ಕಡೆಯ ತೀರ್ಪಿನ ಚಿತ್ರವೊಂದಿದೆ. ಹಸಿದವನಿಗೆ ಅನ್ನ, ಬಾಯಾರಿದವನಿಗೆ ನೀರು, ಪರದೇಶಿಗೆ ಆಸರೆ ಕೊಟ್ಟವರನ್ನು ಅರಸನು ಕರೆದು, ಅದನ್ನೆಲ್ಲ ನೀವು ನನಗೇ ಮಾಡಿದಿರಿ ಎಂದು ಮೆಚ್ಚುತ್ತಾನೆ. ಅವರಿಗೆ ಆಶ್ಚರ್ಯ. ನಿನ್ನನ್ನು ಹಸಿದಿರುವಾಗ ಯಾವಾಗ ಕಂಡೆವು ಎಂದು ಕೇಳುತ್ತಾರೆ. ಅವರಿಗೆ ಕಂಡದ್ದು ಯಾವನೋ ಒಬ್ಬ ಹಸಿದ ಮನುಷ್ಯ. ಅವನಿಗೆ ಅನ್ನ ಹಾಕಿದರು, ಮರೆತರು. ಲೆಕ್ಕ ಇಟ್ಟಿದ್ದರೆ ಅವರಿಗೆ ಆಶ್ಚರ್ಯವೇ ಆಗುತ್ತಿರಲಿಲ್ಲ. ಶೀಲೋವಿನ ಹುಡುಗನಿಗೂ ಅಷ್ಟೇ, ಕೇಳಿಸಿದ್ದು ಮುದುಕನ ದನಿ. ಅದಕ್ಕಾಗಿಯೇ ನಿದ್ದೆ ಬಿಟ್ಟು ಓಡಿದ.

ಆದ್ದರಿಂದ, ದೇವರ ದನಿಯನ್ನು ಇನ್ನೂ ನಾನು ಕೇಳಲಿಲ್ಲವಲ್ಲ ಎಂದು ಯಾರೂ ಚಿಂತಿಸಬೇಕಾಗಿಲ್ಲ. ಅದು ಈ ಹೊತ್ತು ಒಳಮನೆಯಿಂದ ನೀರು ಕೇಳುವ ಅಜ್ಜಿಯ ದನಿಯಾಗಿರಬಹುದು. ಲೆಕ್ಕ ಬಾರದೆ ಅಳುವ ಮಗುವಿನ ದನಿಯಾಗಿರಬಹುದು. ಬಾಗಿಲಲ್ಲಿ ನಿಂತು ಮಾತು ಬಾರದೆ ತೊದಲುವ ನೆರೆಯವನ ದನಿಯಾಗಿರಬಹುದು. ಕರೆದವರು ಯಾರೆಂದು ವಿಚಾರಿಸುವುದು ಆಮೇಲಾಗಲಿ. ಮೊದಲು ಎದ್ದು ಹೋಗೋಣ.